ನಂಬರ್ ಪ್ಲೇಟ್ ಹಾಕಿಸಿದ ಮೇಲೆ ಕೈಯಿಂದ ಅಲುಗಾಡಿಸಿ ನೋಡದೆ ಬರಬೇಡಿ

ಹಳೇ ಗಾಡಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಹಾಕಿಸಲು ಹೋಗುವವರು ದಯವಿಟ್ಟು ಇದನ್ನು ಓದಿ. ನನ್ನ ಪ್ಲೇಟ್ ಅಸಲಿ, ಹೊಲೊಗ್ರಾಂ ಅಸಲಿ, ಕಟ್ಟಿದ ದುಡ್ಡಿಗೆ ರಸೀದಿಯೂ ಇದೆ. ಆದರೂ ಬೈಕಿನ ಹಿಂದಿನ ಪ್ಲೇಟ್ ಕೊಪ್ಪಳ ಮತ್ತು ಗಿಣಿಗೇರಾ ನಡುವೆ ಹೆದ್ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಅದನ್ನು ಕೂರಿಸಿದ ರೀತಿಯೇ ಸರಿಯಿರಲಿಲ್ಲ.

2019ರ ಏಪ್ರಿಲ್ 1ರಿಂದ ಈಚೆಗೆ ಬಂದ ಗಾಡಿಗಳಿಗೆ ಈ ಪ್ಲೇಟ್ ಶೋರೂಮಿನಲ್ಲೇ ಹಾಕಿ ಕೊಡುತ್ತಾರೆ. ತೊಂದರೆ ಜಾಸ್ತಿ ಆಗುವುದು ಅದಕ್ಕಿಂತ ಹಳೇ ಗಾಡಿಗಳಿಗೆ. 2023ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಹಳೇ ಗಾಡಿಗೂ ಇದು ಕಡ್ಡಾಯ ಎಂದು ಆದೇಶ ಬಂದ ಮೇಲೆ ಎಲ್ಲರೂ ಆನ್‌ಲೈನ್‌ನಲ್ಲಿ ಬುಕ್ ಮಾಡಿ, ಡೀಲರ್ ಹತ್ತಿರ ಸಾಲು ನಿಂತು ಹಾಕಿಸಿಕೊಂಡೆವು ಅಲ್ವಾ? ಹಳೇ ಮಡ್‌ಗಾರ್ಡಿನ ತೂತಿಗೂ ಹೊಸ ಪ್ಲೇಟಿನ ತೂತಿಗೂ ಎಷ್ಟೋ ಸಲ ತಾಳೆ ಆಗುವುದಿಲ್ಲ. ನನ್ನ ಬೈಕಿನಲ್ಲೂ ಆಗಲಿಲ್ಲ.

ಹಾಕುವ ಹುಡುಗ ಒಂದು ಕಡೆ ಸ್ನ್ಯಾಪ್ ಲಾಕ್ (ಪ್ಲೇಟನ್ನು ಹಿಡಿದಿಡುವ, ಒಮ್ಮೆ ಕೂತರೆ ಒಡೆಯದೆ ಬಾರದ ಪಿನ್) ಒತ್ತಿದ. ಇನ್ನೊಂದು ಕಡೆ ಪ್ಲೇಟಿನ ತೂತಿನ ಹಿಂದೆ ಹಿಡಿಯುವುದಕ್ಕೆ ಏನೂ ಇರಲಿಲ್ಲ. ಅಲ್ಲಿ ಬೈಂಡಿಂಗ್ ವೈರ್ ಸುತ್ತಿ, ಪಕ್ಕಡಿನಿಂದ ತಿರುಚಿದ. ಇದೇನು ಹೀಗೆ ಅಂತ ಕೇಳಿದರೆ, "ಏನೂ ಆಗಂಗಿಲ್ರೀ ಅಣ್ಣಾ, ಎಲ್ಲಾರಿಗೂ ಹಿಂಗ ಹಾಕೀನಿ" ಅಂದ. ಗಾಡಿ ಓಡಿಸಿದರೆ ಹಿಂದೆ ಗಡಗಡ ಸಪ್ಪಳ. ಮರಳಿ ಹೋಗಿ ತೋರಿಸಿದೆ. "ತಗಡಂದ್ರ ಸಪ್ಪಳ ಮಾಡೇ ಮಾಡ್ತೈತ್ರಿ" ಎಂದು ವೈರನ್ನು ಇನ್ನೊಂದು ಸುತ್ತು ತಿರುಚಿ ಕಳಿಸಿದರು.

ಆ ಸಪ್ಪಳವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪ್ಲೇಟ್ ಬಿದ್ದ ಮೇಲೆ ನಮ್ಮ ಮೆಕ್ಯಾನಿಕ್ ಮಡ್‌ಗಾರ್ಡ್ ಹತ್ತಿರ ಕೂತು ನನ್ನನ್ನು ಕರೆದು ತೋರಿಸಿದರು. ಸ್ನ್ಯಾಪ್ ಲಾಕ್ ತನ್ನ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು. ಅದರ ತಲೆಯ ಕೆಳಗೆ ಉಗುರಿನಗಲದ ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡಿತ್ತು. ಹರಿದ ಅಂಚಿನಲ್ಲಿ ಮುಕ್ಕಾಲು ಭಾಗ ಕಪ್ಪು ಧೂಳು ಹಿಡಿದು ಮಾಸಿಹೋಗಿತ್ತು. ಉಳಿದ ಕಾಲು ಭಾಗ ಮಾತ್ರ ಪಳಪಳ ಹೊಳೆಯುತ್ತಿತ್ತು. ಮಾಸಿದ್ದು ಹಳೇ ಬಿರುಕು, ಹೊಳೆಯುವುದು ಅವತ್ತು ಹರಿದದ್ದು. ಅಂದರೆ ಪ್ಲೇಟ್ ಬಹಳ ದಿನಗಳಿಂದ ಸ್ವಲ್ಪ ಸ್ವಲ್ಪವೇ ಹರಿಯುತ್ತಾ ಬಂದಿತ್ತು. ಈ ಪ್ಲೇಟಿನ ದಪ್ಪ ಬರೀ 1 ಮಿಲಿಮೀಟರ್. ಒಂದು ಕಡೆ ಗಟ್ಟಿ ಹಿಡಿದು ಇನ್ನೊಂದು ಕಡೆ ಸಡಿಲ ಬಿಟ್ಟರೆ, ಪ್ರತಿ ತಗ್ಗಿಗೂ ತಗಡು ಅದೇ ಜಾಗದಲ್ಲಿ ಬಾಗುತ್ತದೆ. ತೂತು ಅಗಲವಾಗುತ್ತದೆ, ಅಂಚಿನಲ್ಲಿ ಬಿರುಕು ಬಿಡುತ್ತದೆ. ಗಿಣಿಗೇರಾ ಕಡೆ ಲಾರಿಗಳ ಹಿಂದೆ ದಿನಾ ಓಡಾಡುವ ಗಾಡಿಗಳ ಪಾಡು ಗೊತ್ತೇ ಇದೆ. ಅಲ್ಲಿ ವೈರ್ ಯಾವ ಲೆಕ್ಕ?

ರಸ್ತೆಯುದ್ದಕ್ಕೂ ಹುಡುಕಿದೆ, ಸಿಗಲಿಲ್ಲ. ನನಗೆ ನಿಜವಾದ ಭಯ ಶುರುವಾಗಿದ್ದು ಆಗ. ಎಡಗಡೆ ಅಶೋಕ ಚಕ್ರದ ಹೊಲೊಗ್ರಾಂ, ಕೆಳಗೆ ಲೇಸರ್‌ನಲ್ಲಿ ಕೊರೆದ ಸಂಖ್ಯೆ ಇರುವ ಅಸಲಿ ಕೆಎ 37 ಪ್ಲೇಟ್ ಯಾರ ಕೈಗೆ ಬೇಕಾದರೂ ಸಿಗಬಹುದು. ಅದನ್ನು ಕದ್ದ ಬೈಕಿಗೆ ಕಟ್ಟಿಕೊಂಡು ಓಡಾಡಿದರೆ ಪೊಲೀಸರು ಬರುವುದು ನನ್ನ ಮನೆಗೆ. ಹಾಗಾಗಿ ಪ್ಲೇಟ್ ಕಳೆದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಠಾಣೆಗೆ ಹೋಗಿ ದೂರು ಕೊಡಿ. ಬದಲಿ ಪ್ಲೇಟಿಗೆ ಅರ್ಜಿ ಹಾಕಲು ಆ ದೂರಿನ ಪ್ರತಿ ಬೇಕು. ಪ್ಲೇಟ್ ಬರುವ ತನಕ ದಾರಿಯಲ್ಲಿ ಹಿಡಿದವರಿಗೆ ತೋರಿಸಲಿಕ್ಕೂ ಅದೇ ಆಧಾರ. ಅರ್ಜಿಯನ್ನು ಸಾರಿಗೆ ಇಲಾಖೆಯ ಇಲ್ಲವೇ ಸಿಯಾಮ್ (ವಾಹನ ತಯಾರಕರ ಸಂಘ) ವೆಬ್‌ಸೈಟಿನಿಂದಲೇ ಹಾಕಿ. ಹುಡುಕಿದಾಗ ಮೇಲೆ ಬರುವ ಲಿಂಕ್ ಎಲ್ಲಾ ಅಸಲಿ ಅಲ್ಲ. ಬಿದ್ದ ಪ್ಲೇಟಿನ ಬಗ್ಗೆ ಅದನ್ನು ಕೂರಿಸಿದವರನ್ನೇ ಕೇಳಿದೆ. ಪ್ಲೇಟ್ ನಿಮ್ಮ ಕೈಸೇರಿದ ಮೇಲೆ ನಮಗೆ ಸಂಬಂಧವಿಲ್ಲ ಎಂದರು. ಇದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ದುಡ್ಡು ಮತ್ತೆ ಕಟ್ಟಿದ್ದು ನಾನೇ.

ನೀವು ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ಎರಡೂ ಸ್ನ್ಯಾಪ್ ಲಾಕ್ ಬೀಳಲೇಬೇಕು, ವೈರ್ ಒಪ್ಪಬೇಡಿ. ಈ ಲಾಕ್ ಒಮ್ಮೆ ಸರಿಯಾಗಿ ಕೂತರೆ ಒಡೆಯದೆ ಬರುವುದಿಲ್ಲ. ಉಗುರಿನಿಂದ ಎತ್ತಿದರೆ ಮೇಲೆ ಬಂತು ಎಂದರೆ ಅದು ಕೂತೇ ಇಲ್ಲ. ತಾಳೆ ಆಗದಿದ್ದರೆ ತೂತು ಕೊರೆಯಬೇಕಾದದ್ದು ಪ್ಲೇಟಿನ ಹಿಂದಿನ ಬ್ರಾಕೆಟ್‌ಗೆ. ಪ್ಲೇಟಿಗೆ ಡ್ರಿಲ್ ಇಡಲು ಬಿಡಬೇಡಿ. ಬರೀ ಡಬಲ್ ಟೇಪ್ ಮೇಲೆ ನಿಲ್ಲಿಸುತ್ತೇನೆ ಅಂದರೂ ಬೇಡ ಅನ್ನಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಫ್ರೇಮ್ ಹಾಕಿಸಿದರೆ ಅದು ಹೊಲೊಗ್ರಾಂ, ಸಂಖ್ಯೆ ಮುಚ್ಚುವಂತಿರಬಾರದು. ಕೊನೆಗೆ ಕೆಳಗಿನ ಎರಡೂ ಮೂಲೆ ಹಿಡಿದು ಜೋರಾಗಿ ಅಲುಗಾಡಿಸಿ. ಸಪ್ಪಳ ಬಂದರೆ ಅಲ್ಲಿಂದ ಕದಲಬೇಡಿ.

ಬದಲಿ ಪ್ಲೇಟ್ ಬರುವ ಮೊದಲೇ ನಮ್ಮ ಮೆಕ್ಯಾನಿಕ್ ಮಡ್‌ಗಾರ್ಡ್ ಹಿಂದೆ ಒಂದು ಕಬ್ಬಿಣದ ಪಟ್ಟಿ ಕೂರಿಸಿಕೊಟ್ಟರು. ಅಗಲ ವಾಷರ್, ಲಾಕ್ ನಟ್ ಹಾಕಿ ಬಿಗಿ ಮಾಡಿದ್ದಾರೆ. ಲಾಕ್ ಬೀಳುವ ಜಾಗಕ್ಕೆ ಸರಿಯಾಗಿ ಎರಡು ತೂತು, ಪ್ಲೇಟ್ ತಾಗುವ ಕಡೆ ತೆಳು ರಬ್ಬರ್. ಅದರ ಮೇಲೆ ಹೊಸ ಪ್ಲೇಟಿನ ಎರಡೂ ಲಾಕ್ ನನ್ನೆದುರಿಗೇ ಬಿದ್ದವು. ಈಗ ಸಪ್ಪಳವಿಲ್ಲ.

ಕಾರಿನವರು ಮುಂದಿನ ಬಂಪರ್ ನೋಡಿಕೊಳ್ಳಿ. ಬರೀ ಪ್ಲಾಸ್ಟಿಕ್‌ಗೆ ತಿರುಗಿಸಿದ ಸ್ಕ್ರೂ ಬಹಳ ದಿನ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸ್‌ನ ನಿಂತ ನೀರಿಗೆ ಗಾಡಿ ನುಗ್ಗಿಸಿದರೆ ನೀರಿನ ಹೊಡೆತಕ್ಕೆ ಪ್ಲೇಟ್ ಕಿತ್ತು ಹೋಗಬಹುದು. ದಾಟಿದ ಮೇಲೆ ಒಮ್ಮೆ ಇಳಿದು ನೋಡಿ. ಅಲ್ಲೇ ಬಿದ್ದಿದ್ದರೆ ನೀರು ಇಳಿದ ಮೇಲೆ ಸಿಗುವ ಸಾಧ್ಯತೆಯಾದರೂ ಇರುತ್ತದೆ.