ಟ್ರ್ಯಾಕ್‌ಸೂಟ್ ನೋಡಿ ರೇಟು: ಕಲಬುರಗಿಯ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಗಳು

ಯೂನಿವರ್ಸಿಟಿ ಟೀಮಿನ ಟ್ರ್ಯಾಕ್‌ಸೂಟ್ ಹಾಕಿಕೊಂಡ ಹುಡುಗ ಒಳಗೆ ಬಂದರೆ ಇಲ್ಲಿನ ಸೆಕೆಂಡ್ ಹ್ಯಾಂಡ್ ಕಾರಿನ ಅಂಗಡಿಯ ಮಾತಿನ ಧಾಟಿಯೇ ಬದಲಾಗುತ್ತದೆ. "ನಮ್ಮೂರ ಪ್ಲೇಯರ್ ಇದ್ದೀರಿ, ನಿಮಗ ಹತ್ತು ಸಾವಿರ ಕಮ್ಮಿ ಮಾಡ್ತೀನ್ರಿ. ಕಪ್ ಹಿಡಕೊಂಡು ಗಾಡಿ ಮುಂದ ಒಂದು ಫೋಟೋ ಕೊಡ್ರಿ, ಸಾಕು." ಸೇವೆ ಹೇಗೆ ಅಂದರೆ, ಚಹಾ ಚೆನ್ನಾಗಿರುತ್ತದೆ, ಗಾಡಿ ಪರವಾಗಿಲ್ಲ. ಪೇಪರ್ ಕೆಲಸಕ್ಕೆ ಮಾತ್ರ ಐದರಲ್ಲಿ ಎರಡು ಅಂಕ ಕೊಟ್ಟರೆ ಹೆಚ್ಚು.

ಮೊದಲು ರೇಟಿನ ವಿಷಯ. ಆ ಹತ್ತು ಸಾವಿರ ನಿಜವಾದ ರಿಯಾಯಿತಿಯೋ ಅಲ್ಲವೋ ತಿಳಿಯಲು ಒಂದೇ ದಾರಿ: ಟ್ರ್ಯಾಕ್‌ಸೂಟ್ ಇಲ್ಲದ ಗೆಳೆಯನನ್ನು ಹಿಂದಿನ ದಿನ ಕಳಿಸಿ ಅದೇ ಗಾಡಿಗೆ ರೇಟು ಕೇಳಿಸಿ. ಬಹಳ ಸಲ ಚೌಕಾಶಿಯ ಕೊನೆಗೆ ಅವನಿಗೂ ಅದೇ ರೇಟು ಸಿಗುತ್ತದೆ. ಅಮೆರಿಕದ ಕಾಲೇಜು ಕ್ರೀಡೆಯ ಮೇಲ್ವಿಚಾರಣೆ ಮಾಡುವ ಎನ್‌ಸಿಎಎ ದಶಕಗಳ ಕಾಲ ಹಿಡಿದಿದ್ದೂ ಇದೇ ತಕ್ಕಡಿ. ಬೇರೆ ವಿದ್ಯಾರ್ಥಿಗಳಿಗೆ ಸಿಗದ ಲಾಭ ಆಟಗಾರನಿಗೆ ಮಾತ್ರ ಸಿಕ್ಕರೆ ಅದು ಅನುಚಿತ, ಆಡುವ ಅರ್ಹತೆಯೇ ಹೋಗಬಹುದು. 2006ರಲ್ಲಿ ಒಕ್ಲಹಾಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ (ಆಟ ನಡೆಸುವ ಮುಖ್ಯ ಆಟಗಾರ) ರೆಟ್ ಬೊಮಾರ್ ಕಾರಿನ ಅಂಗಡಿಯೊಂದರಲ್ಲಿ ಮಾಡದ ಕೆಲಸಕ್ಕೆ ಪಗಾರ ಪಡೆದನೆಂದು ತಂಡದಿಂದಲೇ ಹೊರಬಿದ್ದ. 2011ರಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಆಟಗಾರರ ಕಾರು ಖರೀದಿ ಸುದ್ದಿಯಾದಾಗ ಆ ರಾಜ್ಯದ ಮೋಟಾರು ವಾಹನ ಇಲಾಖೆ 25 ಮಾರಾಟಗಳ ಕಾಗದ ತೆಗೆಸಿ ನೋಡಿತು. ಅನುಚಿತ ರಿಯಾಯಿತಿ ಕಾಣಲಿಲ್ಲ ಎಂದಿತು. ಕಾಗದ ಇತ್ತು, ಆದ್ದರಿಂದ ಉತ್ತರವೂ ಸಿಕ್ಕಿತು.

ಅಲ್ಲೂ ಈಗ ಕಾಲ ಬದಲಾಗಿದೆ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ತೋರಿಸಿ ಬಹಿರಂಗವಾಗಿ ದುಡಿಯಬಹುದು. ಕಾರಿನ ಡೀಲರುಗಳ ಜೊತೆಗಿನ ಒಪ್ಪಂದಗಳಂತೂ ಮಾಮೂಲಿ. 2025ರಲ್ಲಿ ಆಟಗಾರರ ದಾವೆ ಕೋರ್ಟಿನಲ್ಲಿ ರಾಜಿಯಾದ ಬಳಿಕ, ಕಾಲೇಜಿನ ಹೊರಗಿನವರ ಜೊತೆಗಿನ 600 ಡಾಲರ್ ಅಥವಾ ಮೇಲ್ಪಟ್ಟ ಒಪ್ಪಂದವನ್ನು ವರದಿ ಮಾಡಬೇಕು.

ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುವಾಗ ಕೇಳುವುದು ವಯಸ್ಸು, ಅಡ್ಮಿಶನ್. ಹುಡುಗ ಯಾವ ಕಾರಿನಲ್ಲಿ ಬಂದ ಅಂತಲ್ಲ. ಹಾಗಂತ ಕಾಗದ ಬೇಡವೆಂದಲ್ಲ. ಬಂಧುಗಳಲ್ಲದವರಿಂದ ವರ್ಷಕ್ಕೆ 50,000 ರೂಪಾಯಿ ದಾಟಿ ನಗದು ಉಡುಗೊರೆ ಬಂದರೆ ಪೂರ್ತಿ ಮೊತ್ತ ಆದಾಯದ ಲೆಕ್ಕಕ್ಕೆ ಸೇರುತ್ತದೆ. ಅಂಗಡಿಯವರು ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತೆಯೇ ಇಲ್ಲ. "ಅರ್ಧ ಕ್ಯಾಶ್ ಕೊಡ್ರಿ, ಬಿಲ್ ಕಮ್ಮಿ ಹಾಕ್ತೀನಿ" ಅಂದರೆ ಲಾಭ ಅವರದು, ತಲೆನೋವು ನಿಮ್ಮದು. ಜಿಎಸ್‌ಟಿ ಹೆಸರಿನಲ್ಲೂ ಗೊಂದಲ ಮಾಡುತ್ತಾರೆ. 2025ರ ಜನವರಿಯಿಂದ ಹಳೆ ಕಾರಿಗೆ 18% ಇರುವುದು ನಿಜ, ಆದರೆ ಅದು ಡೀಲರಿನ ಮಾರ್ಜಿನ್, ಅಂದರೆ ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ. ಪೂರ್ತಿ ಬೆಲೆಯ ಮೇಲೆ ಹಾಕಿ ಹೇಳಿದರೆ ಎದ್ದು ಬನ್ನಿ.

ಇನ್ನು ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ. "ಪೇಪರ್ ಆಮೇಲೆ ಮಾಡಿಸಿ ಕೊಡ್ತೀವಿ, ಗಾಡಿ ಒಯ್ಯಿರಿ" ಅನ್ನುವುದು ಈ ಧಂದೆಯ ದೊಡ್ಡ ರೋಗ. ಹಳೆ ಮಾಲೀಕರಿಂದ ಮಾಲೀಕತ್ವ ವರ್ಗಾವಣೆಯ ಖಾಲಿ ಫಾರ್ಮ್ 29 ಮತ್ತು 30ಕ್ಕೆ ಸಹಿ ಹಾಕಿಸಿ ಇಟ್ಟುಕೊಂಡಿರುತ್ತಾರೆ, ಗಾಡಿ ಎರಡು ಕೈ ಬದಲಾದರೂ ಹೆಸರು ಬದಲಾಗಿರುವುದಿಲ್ಲ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಅಪಘಾತದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದು. ಹೆಸರು ನಿಮ್ಮದಲ್ಲದಿದ್ದರೆ ನಿಮ್ಮ ಗಾಡಿ ಜಖಂ ಆದಾಗ ವಿಮೆ ಕಂಪನಿ ಕ್ಲೇಮು ಕೊಡುವುದಿಲ್ಲ. ಹಳೆ ಮಾಲೀಕರು ಪೊಲೀಸ್ ಠಾಣೆಗೆ ಓಡಾಡುತ್ತಾರೆ. ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸದ ಕನಸು ಇದ್ದವರಿಗೆ ಇದು ಇನ್ನೂ ಮುಖ್ಯ. ನೌಕರಿ ಸೇರಿದ ಮೇಲೆ ನಡತೆ ನಿಯಮದಡಿ ಉಡುಗೊರೆ, ಆಸ್ತಿಗಳ ಲೆಕ್ಕ ಕೊಡಬೇಕು, ಆಗ "ಅಂಗಡಿಯ ಅಣ್ಣಾ ಓಡಿಸಲಿಕ್ಕೆ ಕೊಟ್ಟಾನ" ಅನ್ನುವ ಉತ್ತರ ನಡೆಯದು.

2023ರ ಏಪ್ರಿಲ್‌ನಿಂದ ಹಳೆ ವಾಹನ ಮಾರುವ ಡೀಲರಿಗೆ ಆರ್‌ಟಿಓ ಅಧಿಕಾರಪತ್ರ ಬೇಕು, ಗಾಡಿ ಅವರ ಕೈಗೆ ಬಂದದ್ದನ್ನು ಮಾಲೀಕರು ಫಾರ್ಮ್ 29ಸಿಯಲ್ಲಿ ತಿಳಿಸಬೇಕು. ಅಂಗಡಿಗೆ ಹೋದೊಡನೆ ಇದನ್ನೇ ಕೇಳಿ. ತೋರಿಸದವರು "ಅದೆಲ್ಲಾ ಯಾರು ಕೇಳ್ತಾರ್ರಿ" ಅನ್ನುತ್ತಾರೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ವರ್ಗಾವಣೆ ತಿಳಿಸಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಜೊತೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಬೇಕು. ವಿಮೆಯ ಹೆಸರನ್ನೂ 14 ದಿನದಲ್ಲಿ ಬದಲಿಸಿ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದವರಿಗೆ ವಿಮೆ ಕಂತಿನಲ್ಲಿ ಸಿಗುವ ರಿಯಾಯಿತಿ, ಮಾಲೀಕರಿಗೆ ಸೇರಿದ್ದು, ಕಾರಿಗಲ್ಲ; ಆ ರಿಯಾಯಿತಿಯ ವ್ಯತ್ಯಾಸದ ಹಣ ಕೊಳ್ಳುವವರು ತುಂಬಬೇಕಾಗುತ್ತದೆ.

ಗಡಿ ಜಿಲ್ಲೆಯ ಗಿರಾಕಿಗೆ ಇನ್ನೊಂದು ಗಂಟು ಇದೆ. ಕಲಬುರಗಿಯ ಕೆಎ-32 ನಂಬರಿನ ಗಾಡಿಗಿಂತ ಹೈದರಾಬಾದ್ ಗಾಡಿ ಅಗ್ಗ ಕಾಣುತ್ತದೆ, ಬೀದರ್ ಕಡೆಯವರಿಗೆ ಜಹೀರಾಬಾದ್ ದಾಟಿದರೆ ಸಾಕು. ಆದರೆ ಆ ಕಡೆಯ ಆರ್‌ಟಿಓದಿಂದ ಫಾರ್ಮ್ 28 ಎನ್‌ಓಸಿ ತಂದು ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತ ಕೂಡಿಸಿ ನೋಡಿದಾಗ ಉಳಿತಾಯ ಎಷ್ಟೋ ಸಲ ಕರಗಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲೂ ನಮ್ಮ ಭೀಮಾ ದಂಡೆಯಲ್ಲೂ ನೆರೆ ಬಂದಿತ್ತು. ಅದಕ್ಕೆ ಮುಂಚಿನ ಮಾಡೆಲ್ ಕೊಳ್ಳುವಾಗ ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಒಳ ತುದಿಯಲ್ಲಿ ಮಣ್ಣಿನ ಗೆರೆ ಇದ್ದರೆ ನೀರು ಸೀಟಿನವರೆಗೆ ಬಂದಿತ್ತು ಅಂತ ಅರ್ಥ. ಸ್ಟೆಪ್ನಿ ಗುಂಡಿಯ ತುಕ್ಕು, ಕಾರ್ಪೆಟ್ ಅಡಿಯ ವಾಸನೆ ಕೂಡ ಸುಳ್ಳು ಹೇಳುವುದಿಲ್ಲ.

ಗಾಡಿ ನೋಡಲು ಮಧ್ಯಾಹ್ನ ಎರಡಕ್ಕೆ ಹೋಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬೆಳಗಿನ ಎಸಿ ಪರೀಕ್ಷೆಗೆ ಅರ್ಥವಿಲ್ಲ. ಹತ್ತು ನಿಮಿಷ ನಿಂತಲ್ಲೇ ಎಸಿ ಓಡಿಸಿ, ಇಂಜಿನ್ ಬಿಸಿಯ ಮುಳ್ಳು ಮಧ್ಯ ದಾಟುತ್ತದೆಯೇ ನೋಡಿ. ಇಂಜಿನ್ ಮೊದಲೇ ಬಿಸಿ ಇದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿರಬಹುದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಯಲ್ಲಿ ಮೊದಲೆರಡು ಅದು ತಯಾರಾದ ವಾರ, ಕೊನೆಯೆರಡು ವರ್ಷ. ಮೀಟರ್ 30,000 ಕಿ.ಮೀ. ತೋರಿಸಿ ಬ್ರೇಕ್ ಪೆಡಲಿನ ರಬ್ಬರ್ ನುಣುಪಾಗಿದ್ದರೆ ಮೀಟರಿಗೆ ಕೈ ಬಿದ್ದಿರಬಹುದು. ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ಕೇಳಿ. ಎರೆಹೊಲದ ದಾರಿಯಲ್ಲಿ ಓಡಿದ ಗಾಡಿಯ ಅಡಿಯಲ್ಲಿ ಕರಿಮಣ್ಣು ಹೆಪ್ಪುಗಟ್ಟಿರುತ್ತದೆ, ಸಸ್ಪೆನ್ಶನ್ ಬುಷ್ ಬೇಗ ಹೋಗುತ್ತವೆ. ಹಂಪ್ ಮೇಲೆ ನಿಧಾನ ಹತ್ತಿಸಿ, ಕಟಕಟ ಸದ್ದು ಕೇಳಿಸುತ್ತದೆ.

ಸಿಎನ್‌ಜಿ ಗಾಡಿಯ ಮೋಹ ಆಟಗಾರರಿಗೆ ಸ್ವಲ್ಪ ಕಮ್ಮಿಯೇ ಇರಲಿ. ಡಿಕ್ಕಿ ಸಿಲಿಂಡರಿಗೇ ಹೋದರೆ ನಾಲ್ವರ ಕಿಟ್‌ಬ್ಯಾಗ್ ಮಡಿಲಲ್ಲೇ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಆಗಿರಬೇಕು, ಸರ್ಟಿಫಿಕೇಟ್ ಕೇಳಿ. ವಾಲಿಬಾಲ್ ಆಡುವ ಎತ್ತರದ ಹುಡುಗರು ಬೆಲೆ ಕೇಳುವ ಮುಂಚೆ ಹಿಂದಿನ ಸೀಟಿನಲ್ಲಿ ಕೂತು ನೋಡಿ.

ಫೋಟೋ ಕೊಡುವುದಾದರೆ ಕೊಡಿ, ತಪ್ಪಿಲ್ಲ. ಎಲ್ಲಿ ಹಾಕುತ್ತಾರೆ, ಎಷ್ಟು ತಿಂಗಳು, ಅದಕ್ಕೆ ಪ್ರತಿಯಾಗಿ ಎಷ್ಟು ಅಂತ ಒಂದು ಪುಟದಲ್ಲಿ ಬರೆಸಿ ಸಹಿ ಮಾಡಿಸಿ. ಕಾರಿನ ಬಿಲ್ ಬೇರೆ ಇರಲಿ. ಹಣ ಬ್ಯಾಂಕಿನಿಂದಲೇ ಹೋಗಲಿ. ಎರಡೂ ಕೀಲಿ, ವಿಮೆ, ಹೊಗೆ ತಪಾಸಣೆ ಚೀಟಿ, ಬಾಕಿ ಚಲನ್ ಇಲ್ಲವೆಂಬ ಪ್ರಿಂಟ್ ಕೈಗೆ ಬಂದ ಮೇಲೆಯೇ ಗಾಡಿ ತೆಗೆಯಿರಿ. ಹತ್ತು ಸಾವಿರ ಕಡಿಮೆ ಮಾಡುವೆನೆಂದವರಿಗೆ ಆ ರಿಯಾಯಿತಿ ಬೇಡವೆಂದು ಹೇಳಿ, ಬದಲಿಗೆ ಬೆಲೆಯಲ್ಲೇ ಹತ್ತು ಸಾವಿರ ತಡೆಹಿಡಿದು ನಿಮ್ಮ ಹೆಸರಿನ ಆರ್‌ಸಿ ಬಂದ ದಿನ ಕೊಡುವುದಾಗಿ ರಸೀದಿಯಲ್ಲಿ ಬರೆಸಿ. ಇದಕ್ಕೆ ಒಪ್ಪುವ ಅಂಗಡಿಗೆ ಪೇಪರ್ ಕೆಲಸದಲ್ಲಿ ನಾಲ್ಕು ಅಂಕ ಕೊಡಬಹುದು.