ಹಳೇ ಪಿಯಾನೋದ ಕೀ ಮ್ಯಾಲಿನ ಹೊದಿಕಿ ಬದಲಿ ಮಾಡಸೋರು ಜರಾ ಇದನ್ನ ಓದ್ರಿ

ಹುಬ್ಬಳ್ಳಿ-ಧಾರವಾಡದಾಗ ಪೇಟಿ (ಹಾರ್ಮೋನಿಯಂ) ರಿಪೇರಿ ಮಾಡೋರಿಗೆ ಬರ ಇಲ್ಲ. ಆದ್ರ ಪಿಯಾನೋ ಬ್ಯಾರೇ ಕೆಲಸ. "ಪೇಟಿ ಕೀ ಎಷ್ಟ್ ಹಾಕೇನ್ರಿ, ಇದೇನ್ ಮಹಾ" ಅಂದಾಂವ ನಮ್ಮ ಪಿಯಾನೋ ಹಾಳ ಮಾಡಿಟ್ಟಾನ. ಹೇಳಾಕ ನಾಚಿಕಿ ಬರ್ತೈತಿ, ಸಿಟ್ಟು ಅದಕ್ಕಿಂತ ಜಾಸ್ತಿ.

ಹಳೇ ಆನಿ ದಂತದ ಹೊದಿಕಿ ಸುಮಾರು 1 ಮಿ.ಮೀ. ದಪ್ಪ. ಈಗಿನ ಪ್ಲಾಸ್ಟಿಕ್ 2 ಮಿ.ಮೀ. ಹತ್ರ. ಹಂಗಾಗಿ 52 ಬಿಳಿ ಕೀ ಕಟಗಿನೂ ಅಷ್ಟಷ್ಟ ಒಂದ ಮಟ್ಟಕ್ಕ ಹೆರದ ಮ್ಯಾಲನ ಅಂಟಸಬೇಕು. ಈ ಪುಣ್ಯಾತ್ಮ ಹೆರದೇ ಇಲ್ಲ! ನೋಡಾಕ ಬೆಳ್ಳಗ, ಚಂದ. ಒಂದ್ ಕೀ ಒತ್ತಿದ್ರ ಬಾಜೂದ್ದೂ ಅದರ ಜೋಡಿ ಇಳೀತು. ಅಂಚಿಗೆ ಅರ ಹಾಕಿಲ್ಲ, ಕರಿ ಕೀ ಕೂಡೋ ಕಚ್ಚು ಸರಿ ಬಿಡಿಸಿಲ್ಲ. ಕರಿ ಕೀ ಬಿಳಿಗಿಂತ ಸುಮಾರು 12 ಮಿ.ಮೀ. ಮ್ಯಾಲ ಇರಬೇಕು, ಸ್ಕೇಲ್ ಹಿಡದ್ರ 11!

ಕೇಳಿದ್ರ ಏನಂದ ಗೊತ್ತೇನ್ರಿ? "ಹೊಸಾದು ಅಲ್ರೀ ಸರ್, ಬಾರಸ್ತ ಬಾರಸ್ತ ಸಡ್ಲ ಆಗ್ತಾವ." ಪ್ಲಾಸ್ಟಿಕ್ ಸಡ್ಲ ಆಗ್ತೈತಂತ! ಆಮ್ಯಾಲ, "ಮಳಿಗಾಲ ಐತ್ರಿ, ಕಟಗಿ ಉಬ್ಬೈತಿ." ಉಬ್ಬಿಸಿದಾಂವ ಇವನ. ಹಳೇ ಸರೇಸು (ಅಂಟು) ಬಿಡಸಾಕ ಹಸಿ ಅರಿವಿ ಹಿಂಡಿ, ಮ್ಯಾಲ ಇಸ್ತ್ರಿ ಸ್ವಲ್ಪ ಹೊತ್ತು ಇಟ್ಟು, ತೆಳು ಚಾಕು ಸಾವಕಾಶ ತೂರಸಬೇಕು. ಇಂವ ನೀರ ತೊಟ್ಟಿಕ್ಕೋ ಅರಿವಿ ಹಾಕ್ಯಾನ, ಉಳಿ ಹಾಕಿ ಎಬ್ಬಿಸ್ಯಾನ. ಚಕ್ಕಿ ಚಕ್ಕಿ ಕಟಗಿ ದಂತದ ಜೋಡಿ ಎದ್ದು ಬಂದಾವ. ಆ ತೆಗ್ಗಿನ ಮ್ಯಾಲ ಹಂಗ ಕಾಂಟ್ಯಾಕ್ಟ್ ಗಮ್ ಬಳದಾನ.

"ಹಳೇ ದಂತ ಎಲ್ಲಿ?" ಅಂದ್ರ, "ಹಳದಿ ಆಗಿದ್ವಲ್ರೀ, ಒಗದ್ನಿ." ಒಗದಾನಂತ! ಕೇಳಲಾರದ!

ನಿಮ್ಮ ಕೀ ಮ್ಯಾಲ, ಕರಿ ಕೀ ತುದಿ ಹತ್ರ, ಕೂದಲೆಳಿಯಂಥ ಅಡ್ಡಗೆರಿ ಇದ್ರ ಅದು ದಂತ ಇರಬಹುದು. ಒಡದಿದ್ದನ್ನಷ್ಟ ಸರಿ ಮಾಡಸ್ರಿ, ಪೂರ್ತಿ ಕೀಳಾಕ ಬಿಡಬ್ಯಾಡ್ರಿ. "ಹೊಸಾ ದಂತ ತಂದು ಹಾಕ್ತೀನಿ" ಅಂದ್ರ ಅಲ್ಲಿಂದನ ಎದ್ದು ಬರ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಆ ವ್ಯಾಪಾರ ಅಪರಾಧ. ಹೊದಿಕಿ ಸೆಲ್ಯುಲಾಯ್ಡ್ (ಹಳೇ ನಮೂನಿ ಪ್ಲಾಸ್ಟಿಕ್) ಇದ್ರ ಬೆಂಕಿ ಹತ್ರ ಒಯ್ಯಬ್ಯಾಡ್ರಿ, ಭಗ್ ಅಂತ ಹತ್ತಿಕೊಳ್ತೈತಿ. ಬಿಚ್ಚೋಕ್ಕಿಂತ ಮೊದ್ಲ ಕಟಗಿ ಮ್ಯಾಲಿನ 1ರಿಂದ 88ರ ನಂಬರ್ ಫೋಟೋ ತಗೋರಿ. ಬಾಜೂ ಬಾಜೂದ ಮೂರ್ ಕೀ ಮಾಡಿಸಿ, ಒತ್ತಿ ನೋಡಿ, ಆಮ್ಯಾಲನ ಮುಂಗಡ ಕೊಡ್ರಿ. "ಮೂರಕ್ಕಾಗಿ ಯಾರ್ ಮಷಿನ್ ಹಚ್ಚತಾರ್ರಿ" ಅಂದ್ರ, ಅವನ ಹತ್ರ ಹೆರಿಯೋ ಮಷಿನ್ನ ಇಲ್ಲ ಅಂತ ತಿಳ್ಕೋರಿ.