ಅರ್ಧ ದಿನದ ಗುಂಪು ಬೆಟ್ಟ ನಡಿಗೆ: ತುದಿ ಮುಟ್ಟಲಿಲ್ಲ, ಆದರೂ ಮತ್ತೆ ಹೋಗುತ್ತೇನೆ

ಹನ್ನೆರಡು ಜನ, 6 ಕಿಲೋಮೀಟರ್ ದಾರಿ, 300 ಮೀಟರ್ ಏರಿಕೆ. ಬೆಳಿಗ್ಗೆ ಒಳ್ಳೆ ಬಿಸಿಲಿತ್ತು, ಮಧ್ಯಾಹ್ನ ಗುಡುಗು ಮಳೆ ಬರಬಹುದು ಅಂತ ಮುನ್ಸೂಚನೆಯೂ ಇತ್ತು.

ನಮ್ಮ ಗೈಡ್ ಹೊರಡುವ ಮೊದಲೇ ಎಲ್ಲರ ಬ್ಯಾಗ್ ನೋಡಿದರು. ಜೀನ್ಸ್ ಹಾಕಿದ್ದ ಇಬ್ಬರಿಗೆ ಬೇರೆ ಪ್ಯಾಂಟ್ ಹಾಕಿಕೊಳ್ಳಿ ಅಂದರು, ಯಾಕೆಂದರೆ ಹತ್ತಿ ಬಟ್ಟೆ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಗಾಳಿಗೆ ಮೈ ತಣ್ಣಗಾಗುತ್ತಾ ಹೋಗುತ್ತದೆ. ಸಮಯದ ಲೆಕ್ಕವನ್ನೂ ಬಿಡಿಸಿ ಹೇಳಿದರು. ಗಂಟೆಗೆ 5 ಕಿಲೋಮೀಟರ್, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಅನ್ನೋದು ಸ್ಕಾಟ್ಲೆಂಡ್‌ನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ. ಅದರ ಪ್ರಕಾರ ನಮಗೆ ಒಂದೂಮುಕ್ಕಾಲು ಗಂಟೆ ಸಾಕು, ಆದರೆ ಗುಂಪು ನಿಧಾನ ಅಲ್ವಾ, ಅವರು ಮೂರು ಗಂಟೆ ಇಟ್ಟುಕೊಂಡಿದ್ದರು.

ತುದಿಗೆ ಇನ್ನು ಇಪ್ಪತ್ತೇ ನಿಮಿಷ ಇದೆ ಅನ್ನುವಾಗ ದೂರದಲ್ಲಿ ಗುಡುಗು ಕೇಳಿಸಿತು. ಮಳೆ ಒಂದು ಹನಿಯೂ ಇರಲಿಲ್ಲ. ಕೆಲವರು ಬೇಜಾರು ಮಾಡಿಕೊಂಡರೂ ಗೈಡ್ ತಕ್ಷಣ ಎಲ್ಲರನ್ನೂ ಕೆಳಗೆ ಇಳಿಸಿದರು. ಗುಡುಗು ಕೇಳಿಸಿತು ಅಂದರೆ ಸಿಡಿಲು ನಮ್ಮವರೆಗೂ ಬರಬಹುದು, ಬೋಳು ತುದಿಯಲ್ಲಿ ನಾವೇ ಎಲ್ಲಕ್ಕಿಂತ ಎತ್ತರ. ಆ ಧೈರ್ಯಕ್ಕೆ ನನ್ನ ಪೂರ್ತಿ ಅಂಕ.

ಒಂದೇ ದೂರು ಇದೆ. ಗುಂಪಿನ ಕೊನೆಯಲ್ಲಿ ನಡೆಯಲು ಇನ್ನೊಬ್ಬ ಗೈಡ್ ಇರಲಿಲ್ಲ. ಇಳಿಯುವಾಗ ಮಂಜು ಕವಿದು ಹಿಂದಿನ ಮೂವರು ಕಾಣದೇ ಹೋದರು, ಹತ್ತು ನಿಮಿಷ ನಿಂತು ಕೂಗಿ ಕರೆದ ಮೇಲೆ ಸಿಕ್ಕರು. ಇದನ್ನು ಗೈಡ್‌ಗೂ ಹೇಳಿದ್ದೇನೆ.